ಮರಳಿ ಬರುವ ಗದ್ದಬಾವು

ಶ್ರವಣಾತೀತ ಶಬ್ದತರಂಗಗಳ ಪಾಠವನ್ನು ಮುಗಿಸಿ ನಾವು ಹಲಗೆಯನ್ನು ಒರಸುತ್ತಿದ್ದಾಗ, ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಕೇಳಿದನು: "ಸರ್, ಗದ್ದ ಬಾತ್ರ ಅದನ್ನೂ ಈ ಮಷೀನದಾಗ ನೋಡ್ತಾರೇನ್ರಿ?" ತರಗತಿ ನಕ್ಕಿತು. ಆತನು ನಗಲಿಲ್ಲ. ಹುಡುಗನು ಯಾದಗಿರಿಗೆ ಸಮೀಪದ ಹತ್ತಿಕುಣಿಯವನು. ಒಂಬತ್ತು ವರ್ಷದ ತಂಗಿಗೆ ನಾಲ್ಕನೆಯ ಸಲ ಕೆನ್ನೆ ಬಾತಿದೆಯೆಂದೂ, ಮನೆಯವರು ಅದನ್ನು ಮಂಗನಬಾವೆಂದೇ ತಿಳಿದಿರುವರೆಂದೂ ಅವನಿಂದ ಆಮೇಲೆ ತಿಳಿಯಿತು. ನಾವು ಭೌತವಿಜ್ಞಾನದ ಅಧ್ಯಾಪಕರೇ ಹೊರತು ವೈದ್ಯರಲ್ಲ. ಆದರೂ ಒಂದು ಸಂಶಯ ಅಂದೇ ನಮ್ಮ ಮನಸ್ಸಿನಲ್ಲಿ ಹೊಕ್ಕಿತು: ಮಂಗನಬಾವು ಒಬ್ಬರಿಗೇ ನಾಲ್ಕು ಸಲ ಬರುವುದುಂಟೆ?

ಮುಂದಿನ ಭಾನುವಾರ ನಾವು ಹತ್ತಿಕುಣಿಗೆ ಹೋದೆವು. ಆ ಊರಿನ ಜಲಾಶಯವನ್ನು ನೋಡಲು ಜನ ಹೋಗುವುದುಂಟು. ನಮಗೆ ಅಂದು ಅದರ ಕಡೆ ತಿರುಗಲೂ ಬಿಡುವಾಗಲಿಲ್ಲ. ಹುಡುಗಿಯ ತಂದೆ ಕಟ್ಟಡದ ಕೆಲಸಕ್ಕಾಗಿ ಬೆಂಗಳೂರಿಗೆ ಗುಳೆ ಹೋಗಿದ್ದನು. ತಾಯಿ ಲೆಕ್ಕ ಹೇಳಿದಳು: "ಹೋದ ವರ್ಷ ಉಗಾದಿಗಿ ಒಮ್ಮೆ ಬಾತಿತ್ರಿ ಮಾಸ್ತರ್ರೇ. ಮತ್ತ ಶ್ರಾವಣದಾಗ. ದೀಪಾವಳಿ ಮುಂದ ಒಮ್ಮೆ. ಈಗ ನೋಡ್ರಿ." ಎರಡು ಸಲ ಬಲಗಡೆ, ಒಂದು ಸಲ ಎಡಗಡೆ, ಈಗ ಎರಡೂ ಕಡೆ. ಪ್ರತಿಸಲವೂ ಒಂದೊಂದು ಕಡೆ ತೋರಿಸಿದ್ದರು. ಪ್ರತಿಸಲವೂ ಮಂಗನಬಾವೆಂಬ ಒಂದೇ ಉತ್ತರ, ಒಂದೇ ಬಗೆಯ ಗುಳಿಗೆ. ನಾಲ್ಕು ಚೀಟಿಗಳಲ್ಲಿ ಎರಡು ಮಾತ್ರ ಉಳಿದಿದ್ದುವು. ನಡುವೆ ಬೇವಿನ ಸೊಪ್ಪಿನ ಲೇಪವೂ ಆಗಿತ್ತು. ಅದರಿಂದ ಕೇಡಾಗಲಿಲ್ಲ; ಬರೆ ಹಾಕಿಸಲಿಲ್ಲವಲ್ಲ ಎಂದು ನಾವು ಸಮಾಧಾನಪಟ್ಟೆವು.

ಹೊರಡುವಾಗ ತಾಯಿ ತಾನಾಗಿಯೇ ಹೇಳಿದ ಒಂದು ಮಾತು ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿತು. "ರೊಟ್ಟಿ ತಿನ್ನೂವಾಗ ತುತ್ತಿಗೊಮ್ಮೆ ನೀರು ಕುಡೀತದ್ರಿ. ಭಾಳ ಹಟ ಅದ ಅದಕ್ಕ." ಯಾವ ಚೀಟಿಯಲ್ಲಿಯೂ ಈ ಸಂಗತಿ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಆಕೆಯೂ ಹೇಳಿರಲಿಲ್ಲ. ಹಟಕ್ಕೆ ವೈದ್ಯರಲ್ಲಿ ಮದ್ದಿರುವುದೇ ಎಂದು ಆಕೆ ಭಾವಿಸಿದ್ದರೆ ತಪ್ಪೇನು?

ಈ ಲೇಖನವನ್ನು ನಾವು ಬರೆಯುತ್ತಿರುವುದು ಆ ಮಾತಿನ ಸಲುವಾಗಿ.

ಮೊದಲು ಅಂಗದ ವಿಚಾರ. ನಮ್ಮ ಬಾಯಲ್ಲಿ ಜೊಲ್ಲನ್ನು ಸುರಿಸುವ ದೊಡ್ಡ ಗ್ರಂಥಿಗಳು ಮೂರು ಜೊತೆ. ಅವುಗಳಲ್ಲಿ ಅತ್ಯಂತ ದೊಡ್ಡದು ಕಿವಿಯ ಮುಂದೆಯೂ ಕೆಳಗೂ ಹಬ್ಬಿಕೊಂಡಿರುವ ಪರೋಟಿಡ್ ಗ್ರಂಥಿ. ಗ್ರೀಕ್ ಮೂಲದ ಈ ಹೆಸರಿಗೆ ಕಿವಿಯ ಬಳಿಯದು ಎಂದೇ ಅರ್ಥ. ಅದರಿಂದ ಹೊರಟ ಒಂದು ಸಣ್ಣ ನಾಳವು ಕೆನ್ನೆಯೊಳಗೆ ಸಾಗಿ, ಮೇಲ್ದವಡೆಯ ಎರಡನೆಯ ದೊಡ್ಡ ಅರೆಹಲ್ಲಿನ ಎದುರಿಗೆ ಬಾಯೊಳಕ್ಕೆ ತೆರೆಯುತ್ತದೆ. ಓದುಗರು ನಾಲಿಗೆಯ ತುದಿಯಿಂದ ಕೆನ್ನೆಯ ಒಳಭಾಗವನ್ನು ತಡವಿ ನೋಡಿದರೆ ಅಲ್ಲೊಂದು ಚಿಕ್ಕ ಉಬ್ಬು ಸಿಕ್ಕುವುದು. ಒಂದು ಚೂರು ಹುಣಸೆಹಣ್ಣನ್ನು ನೆನೆದುಕೊಂಡರೂ ಅಲ್ಲಿ ನೀರೂರುವುದು. ಈ ನಾಳವನ್ನು 1660ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಕುರಿಯೊಂದರ ತಲೆಯನ್ನು ಕೊಯ್ದು ನೋಡುತ್ತಿದ್ದಾಗ ಕಂಡುಹಿಡಿದವನು ನೀಲ್ಸ್ ಸ್ಟೆನ್ಸೆನ್ ಎಂಬ ಡೆನ್ಮಾರ್ಕಿನ ವಿದ್ಯಾರ್ಥಿ. ಆಗ ಅವನಿಗೆ ಇಪ್ಪತ್ತೆರಡು ವರ್ಷ. ನಮ್ಮ ಓದುಗರಲ್ಲಿ ಬಹುಮಂದಿಯ ವಯಸ್ಸಿಗೆ ಇದು ದೂರವಲ್ಲವೆಂದು ಈ ಸಂಗತಿಯನ್ನು ಹೇಳಿದೆವು.

ಈ ಗ್ರಂಥಿ ಬಾಯುವುದಕ್ಕೆ ಎಲ್ಲರಿಗೂ ತಿಳಿದಿರುವ ಕಾರಣ ಮಂಗನಬಾವು. ಗದ್ದಬಾವೆಂದೂ, ಹಳೆಯ ಮೈಸೂರಿನ ಕಡೆ ಕೆಪ್ಪಟೆಯೆಂದೂ ಇದನ್ನು ಕರೆಯುವರು. ಇದು ವೈರಸ್ಸಿನಿಂದ ಬರುವ ಅಂಟುರೋಗವೆಂಬುದನ್ನು 1934ರಲ್ಲಿ ಅಮೆರಿಕದ ಜಾನ್ಸನ್ ಮತ್ತು ಗುಡ್‌ಪಾಶ್ಚರ್ ತೋರಿಸಿಕೊಟ್ಟರು. ಜ್ವರ ಬರುತ್ತದೆ, ಸಾಮಾನ್ಯವಾಗಿ ಒಂದು ಕೆನ್ನೆ ಬಾತು ಎರಡು ಮೂರು ದಿನಗಳಲ್ಲಿ ಮತ್ತೊಂದು ಬಾಯುತ್ತದೆ, ವಾರ ಹತ್ತು ದಿನಗಳಲ್ಲಿ ಇಳಿಯುತ್ತದೆ. ಒಮ್ಮೆ ಬಂದವರಿಗೆ ಮತ್ತೆ ಬರುವುದು ಬಹಳ ಅಪೂರ್ವ. ಏಕೆಂದರೆ ದೇಹವು ಆ ವೈರಸ್ಸಿನ ಗುರುತನ್ನು ನೆನಪಿನಲ್ಲಿಟ್ಟುಕೊಂಡು ಅದಕ್ಕೆ ತಕ್ಕ ಪ್ರತಿಕಾಯಗಳನ್ನು ಸಿದ್ಧಪಡಿಸಿಕೊಂಡಿರುತ್ತದೆ. ಲಸಿಕೆ ಕೆಲಸಮಾಡುವುದೂ ಈ ನೆನಪಿನ ಬಲದಿಂದಲೇ. ಮಾರಿಸ್ ಹಿಲ್ಲೆಮನ್ ಎಂಬ ವಿಜ್ಞಾನಿ 1963ರಲ್ಲಿ ತನ್ನ ಮಗಳಿಗೇ ಮಂಗನಬಾವಾದಾಗ ಅವಳ ಗಂಟಲಿನಿಂದ ತೆಗೆದ ವೈರಸ್ಸನ್ನು ಸಾಧುಗೊಳಿಸಿ ಮಾಡಿದ ಲಸಿಕೆಗೆ 1967ರಲ್ಲಿ ಅನುಮತಿ ದೊರೆಯಿತು. ನಮ್ಮ ದೇಶದಲ್ಲಿ 2017ರಲ್ಲಿ ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಆಂದೋಲನವನ್ನು ಆರಂಭಿಸಿದ ಮೊದಲ ಪ್ರಾಂತಗಳಲ್ಲಿ ಕರ್ನಾಟಕವೂ ಒಂದು. ಆದರೆ ಆ ಲಸಿಕೆಯಲ್ಲಿ ಮಂಗನಬಾವಿನ ಭಾಗ ಸೇರಿರಲಿಲ್ಲ. ಆದ್ದರಿಂದ ಹಳ್ಳಿಗಳಲ್ಲಿ ಮಂಗನಬಾವು ಇಂದಿಗೂ ನಿಜವಾಗಿಯೇ ಕಾಣುವ ರೋಗ. ಬಾತ ಕೆನ್ನೆಯನ್ನು ನೋಡಿದೊಡನೆ ವೈದ್ಯರ ಬಾಯಿಗೆ ಆ ಹೆಸರು ಬರುವುದರಲ್ಲಿ ಆಶ್ಚರ್ಯವಿಲ್ಲ.

ಮೊದಲನೆಯ ಸಲ ಆ ಹೆಸರನ್ನು ಹೇಳಿದವರನ್ನು ನಾವು ದೂರುವುದಿಲ್ಲ. ನಮ್ಮ ವಾದವಿಷ್ಟೆ: ಎರಡನೆಯ ಸಲ ಬಂದ ಬಾವಿಗೆ, ಪರೀಕ್ಷೆಯಿಲ್ಲದೆ, ಅದೇ ಹೆಸರನ್ನು ಕೊಡಬಾರದು. ಮೂರನೆಯ ಸಲ ಕೊಡುವುದಂತೂ ಅಕ್ಷಮ್ಯ. ಒಂದು ಸಿದ್ಧಾಂತದ ಪ್ರಕಾರ ಯಾವುದು ನಡೆಯಬಾರದೋ ಅದು ನಡೆದಾಗ ಸಿದ್ಧಾಂತವನ್ನು ಪ್ರಶ್ನಿಸಬೇಕೆಂದು ನಾವು ಪ್ರಯೋಗಶಾಲೆಯಲ್ಲಿ ದಿನವೂ ಬೋಧಿಸುತ್ತೇವೆ. ಔಷಧಾಲಯದ ಮೇಜಿನ ಮುಂದೆ ಈ ನಿಯಮ ಬದಲಾಗಲು ಕಾರಣವಿಲ್ಲ.

ಹಾಗಾದರೆ ಮರಳಿ ಬರುವ ಬಾವು ಯಾವುದು? ಬಹುಪಾಲು ಮಕ್ಕಳಲ್ಲಿ ಅದು ಬಾಲ್ಯದ ಪುನರಾವರ್ತಕ ಪರೋಟಿಡ್ ಬಾವು ಎಂಬ ಸೌಮ್ಯವಾದ ತೊಂದರೆ. ಮಕ್ಕಳ ಲಾಲಾಗ್ರಂಥಿಯ ರೋಗಗಳಲ್ಲಿ ಮಂಗನಬಾವಿನ ತರುವಾಯದ ಸ್ಥಾನ ಇದಕ್ಕೇ. ಸಾಮಾನ್ಯವಾಗಿ ಮೂರರಿಂದ ಆರು ವರ್ಷದೊಳಗೆ ಆರಂಭವಾಗಿ, ಗಂಡುಮಕ್ಕಳಲ್ಲಿ ಹೆಚ್ಚಾಗಿ ಕಾಣಿಸಿಕೊಂಡು, ಪ್ರಾಯ ಬರುವ ಹೊತ್ತಿಗೆ ತಾನಾಗಿ ನಿಂತುಹೋಗುವುದು ಇದರ ಸ್ವಭಾವ. ಕಾರಣ ಪೂರ್ತಿಯಾಗಿ ತಿಳಿದಿಲ್ಲವಾದರೂ, ಜೊಲ್ಲು ನಾಳದಲ್ಲಿ ನಿಂತುಹೋಗುವುದು ಇದರಲ್ಲಿ ಮುಖ್ಯ ಸಂಗತಿ. ಇಲ್ಲಿ ನಮ್ಮ ಶಾಸ್ತ್ರ ಸ್ವಲ್ಪ ಸಹಾಯಕ್ಕೆ ಬರುತ್ತದೆ. ಸಣ್ಣ ಕೊಳವೆಯಲ್ಲಿ ದ್ರವ ಹರಿಯುವ ಪ್ರಮಾಣವು ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುವುದೆಂದು ಪ್ವಾಸೇಯ ನಿಯಮ ಹೇಳುತ್ತದಷ್ಟೆ. ಈ ನಿಯಮವನ್ನು ಕಂಡವನೂ ಒಬ್ಬ ವೈದ್ಯನೇ. ನಾಳದ ತ್ರಿಜ್ಯ ಅರ್ಧಕ್ಕಿಳಿದರೆ, ಒತ್ತಡ ಅಷ್ಟೇ ಇದ್ದಾಗ, ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುವುದು. ನಿಂತ ಜೊಲ್ಲಿನಲ್ಲಿ ಬಾಯಿಯ ಸೂಕ್ಷ್ಮಜೀವಿಗಳು ಮೇಲಕ್ಕೇರುತ್ತವೆ, ಗ್ರಂಥಿ ಬಾಯುತ್ತದೆ, ಬಾತು ಮಾಗಿದ ಜಾಗದಲ್ಲಿ ನಾಳ ಇನ್ನಷ್ಟು ಕಿರಿದಾಗುತ್ತದೆ. ಹೆಚ್ಚು ನೀರು, ಕೆನ್ನೆಯನ್ನು ಮೆಲ್ಲನೆ ನೀವುವುದು, ಹುಳಿ ಚಪ್ಪರಿಸುವುದು, ಅವಶ್ಯವಿದ್ದಾಗ ಮಾತ್ರ ಔಷಧ—ಇಷ್ಟರಲ್ಲಿಯೇ ಹೆಚ್ಚಿನ ಮಕ್ಕಳು ದಾಟಿಕೊಳ್ಳುತ್ತಾರೆ. ನಾಳದಲ್ಲಿ ಕಲ್ಲು, ಕ್ಷಯ, ಎಚ್.ಐ.ವಿ. ಸೋಂಕು, ರಕ್ತದ ಕೆಲವು ಕಾಯಿಲೆಗಳು—ಇವುಗಳಿಂದಲೂ ಈ ಗ್ರಂಥಿ ಬಾಯುವುದುಂಟು. ವೈದ್ಯರು ಇವನ್ನೂ ನೋಡಿ ಬದಿಗಿಡಬೇಕಾಗುತ್ತದೆ.

ಇವೆಲ್ಲವನ್ನೂ ಕಳೆದ ಮೇಲೆ ಉಳಿಯುವ ಸಣ್ಣ ಗುಂಪೊಂದಿದೆ. ಅವರಲ್ಲಿ ಗ್ರಂಥಿಗೆ ಹೊರಗಿನ ಶತ್ರುವಿಲ್ಲ. ದೇಹದ ಕಾವಲುಪಡೆಯೇ ಗ್ರಂಥಿಯೊಳಕ್ಕೆ ನುಗ್ಗಿ ಅದನ್ನು ಹಾಳುಮಾಡುತ್ತಿರುತ್ತದೆ. ಇಂಥವನ್ನು ಆಟೋಇಮ್ಯೂನ್ ರೋಗಗಳು, ಎಂದರೆ ಸ್ವಪ್ರತಿರಕ್ಷಾ ರೋಗಗಳು ಎನ್ನುವರು. ದೇಹವು ತನಗೆ ತಾನೇ ವಿಷವಾಗಲು ಒಪ್ಪದೆಂದು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಪಾಲ್ ಎರ್ಲಿಕ್ ಎಂಬ ಮಹಾವಿಜ್ಞಾನಿ ಹೇಳಿದ್ದನು. ಆತನ ಮಾತಿನ ತೂಕ ಎಷ್ಟಿತ್ತೆಂದರೆ, ಅದಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ವಿಜ್ಞಾನಿಗಳು ಗಂಭೀರವಾಗಿ ಎಣಿಸಲು ಸುಮಾರು ಅರ್ಧ ಶತಮಾನ ಹಿಡಿಯಿತು. 1956ರಲ್ಲಿ ರೋಸ್ ಮತ್ತು ವಿಟೆಬ್‌ಸ್ಕಿ ಮೊಲಗಳಲ್ಲಿಯೂ, ಅದೇ ವರ್ಷ ಇಂಗ್ಲೆಂಡಿನ ವಿಜ್ಞಾನಿಗಳು ರೋಗಿಗಳ ರಕ್ತದಲ್ಲಿಯೂ, ದೇಹವು ತನ್ನ ಥೈರಾಯ್ಡ್ ಗ್ರಂಥಿಯ ವಿರುದ್ಧವೇ ಪ್ರತಿಕಾಯಗಳನ್ನು ಮಾಡಬಲ್ಲದೆಂದು ತೋರಿಸಿದ ಮೇಲೆ ಹಳೆಯ ನಂಬಿಕೆ ಕುಸಿಯಿತು. ದೊಡ್ಡವರ ಮಾತಾದರೂ ಪ್ರಯೋಗದ ಮುಂದೆ ನಿಲ್ಲಲೇಬೇಕೆಂಬುದಕ್ಕೆ ನಾವು ಈ ಕಥೆಯನ್ನು ತರಗತಿಯಲ್ಲಿಯೂ ಹೇಳುವುದುಂಟು.

ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳಿಗೆ ಹೀಗಾಗುವ ರೋಗಕ್ಕೆ ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನನ ಹೆಸರಿದೆ. 1933ರಲ್ಲಿ ಆತನು ಬರೆದ ಡಾಕ್ಟರ್ ಪದವಿಯ ಪ್ರಬಂಧದಲ್ಲಿ ಕಣ್ಣು ಒಣಗಿದ 19 ಮಂದಿ ಹೆಂಗಸರ ವಿಚಾರವಿತ್ತು. ಅವರಲ್ಲಿ 13 ಮಂದಿಗೆ ಕೀಲುನೋವೂ ಇತ್ತು. ಕಣ್ಣು, ಬಾಯಿ, ಕೀಲು ಈ ಮೂರನ್ನೂ ಒಂದೇ ರೋಗದ ಮುಖಗಳೆಂದು ಕಂಡದ್ದು ಆತನ ಹಿರಿಮೆ. ಪರೀಕ್ಷಕರಿಗೆ ಪ್ರಬಂಧ ಅಷ್ಟಾಗಿ ರುಚಿಸಲಿಲ್ಲ; ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗುವ ದಾರಿ ಆಗ ಅವನಿಗೆ ಮುಚ್ಚಿತು. ಇಂದು ಆ ಪರೀಕ್ಷಕರ ಹೆಸರು ಯಾರಿಗೆ ನೆನಪಿದೆ?

ಶೋಗ್ರೆನನು ಕಂಡದ್ದು ವಯಸ್ಕ ಹೆಂಗಸರನ್ನು. ಅಲ್ಲಿಯೇ ತೊಡಕು ಆರಂಭವಾಯಿತು. ರೋಗವು ನಡುವಯಸ್ಸಿನ ಹೆಂಗಸರದೆಂದೂ, ಕಣ್ಣು ಬಾಯಿ ಒಣಗುವುದೇ ಅದರ ಗುರುತೆಂದೂ ಪುಸ್ತಕಗಳಲ್ಲಿ ನೆಲೆಯಾಯಿತು. ಮಕ್ಕಳಲ್ಲಿಯಾದರೋ ಕ್ರಮವೇ ಬೇರೆ. ಅವರಲ್ಲಿ ಮೊದಲು ಕಾಣುವುದು ಅನೇಕವೇಳೆ ಕೆನ್ನೆಯ ಬಾವು, ಅದೂ ಮರಳಿ ಮರಳಿ ಬರುವ ಬಾವು. ಗ್ರಂಥಿ ಬಹುಮಟ್ಟಿಗೆ ಹಾಳಾದ ಮೇಲೆಯೇ ಒಣಗುವುದು ಕಾಣುತ್ತದೆ. ಅದಕ್ಕೆ ವರ್ಷಗಳು ಹಿಡಿಯಬಹುದು. ಮೇಲಾಗಿ, ಬಾಯಿ ಒಣಗಿದೆಯೆಂದು ಮಗು ಹೇಳುವುದೂ ಇಲ್ಲ. ಒದ್ದೆ ಬಾಯಿ ಹೇಗಿರುವುದೆಂದು ಚೆನ್ನಾಗಿ ತಿಳಿದವರಿಗೆ ತಾನೆ ಒಣಬಾಯಿಯ ದೂರು? ಮಗು ನೀರನ್ನು ಹತ್ತಿರ ಇಟ್ಟುಕೊಂಡು ಉಣ್ಣುವುದನ್ನು ಕಲಿಯುತ್ತದೆ. ಮನೆಯವರು ಅದನ್ನು ಹಟವೆನ್ನುತ್ತಾರೆ. ಕಟಿರೊಟ್ಟಿ ತಿನ್ನುವ ನಮ್ಮ ಸೀಮೆಯಲ್ಲಿ ಈ ಗುರುತು ಬೇಗ ಕಾಣಬೇಕಾಗಿತ್ತು. ಅನ್ನ ಸಾರು ಉಣ್ಣುವ ಮಗುವಿಗಿಂತ ಜೋಳದ ರೊಟ್ಟಿ ತಿನ್ನುವ ಮಗುವಿಗೆ ಜೊಲ್ಲಿನ ಕೊರತೆ ಮೊದಲು ತಿಳಿಯುವುದಲ್ಲವೆ?

ಹಲ್ಲಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಜೊಲ್ಲು ಹಲ್ಲನ್ನು ತೊಳೆದು ಕಾಯುವ ದ್ರವ. ಅದು ಕಡಮೆಯಾದರೆ ಹಲ್ಲು ಬೇಗ ಹುಳುಕಾಗುತ್ತದೆ. ನಮ್ಮ ಬಯಲುಸೀಮೆಯ ಕೆಲವು ಊರುಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದ್ದು ಮಕ್ಕಳ ಹಲ್ಲು ಮೊದಲೇ ಕಂದು ಬಣ್ಣಕ್ಕೆ ತಿರುಗಿರುವುದರಿಂದ, ಹಲ್ಲು ಕೆಟ್ಟಿದೆಯೆಂದರೆ ನೀರಿನ ದೋಷವೆಂದು ಎಲ್ಲರೂ ಸುಮ್ಮನಾಗುತ್ತಾರೆ. ಕಲೆ ಬೇರೆ, ಹುಳುಕು ಬೇರೆ.

ಈಗ ಪರೀಕ್ಷೆಗಳು. ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಹೌದೆಂಬುದು. 1880ರಲ್ಲಿ ಕ್ಯೂರಿ ಸೋದರರು ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂದು ಕಂಡರು. ಅದೇ ತತ್ತ್ವದ ಮೇಲೆ, ವಿದ್ಯುತ್ತಿನಿಂದ ನಡುಗುವ ಹರಳು ಕೆನ್ನೆಯೊಳಕ್ಕೆ ಶಬ್ದವನ್ನು ಕಳುಹಿಸಿ ಮಾರ್ದನಿಯನ್ನು ಆಲಿಸುತ್ತದೆ. ಮೃದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಆವರ್ತಾಂಕ ಸೆಕೆಂಡಿಗೆ ಒಂದು ಕೋಟಿಯಾದರೆ ತರಂಗದ ಉದ್ದ 0.154 ಮಿಲಿಮೀಟರ್, ಎಂದರೆ ಮಿಲಿಮೀಟರಿನ ಭಾಗಗಳಷ್ಟು ಸಣ್ಣ ವಿವರವೂ ಕಾಣಬಲ್ಲುದು. ಆರೋಗ್ಯವಾದ ಗ್ರಂಥಿ ಒಂದೇ ಸಮನಾದ ಬೂದುಬಣ್ಣದ್ದಾಗಿ ತೋರುತ್ತದೆ. ರೋಗ ಹಿಡಿದ ಗ್ರಂಥಿಯಲ್ಲಿ ಕರಿಯ ಚುಕ್ಕೆಗಳು ಹರಡಿರುತ್ತವೆ. ನೋವಿಲ್ಲ, ಸೂಜಿಯಿಲ್ಲ, ಕ್ಷಕಿರಣದ ಭಯವೂ ಇಲ್ಲ. ಆದರೆ ನಮ್ಮ ಶಾಸ್ತ್ರದ ಉಪಕರಣವೆಂದು ಅದನ್ನು ಅತಿಯಾಗಿ ಹೊಗಳಲಾರೆವು. ಬಾಲ್ಯದ ಸೌಮ್ಯವಾದ ಬಾವಿನಲ್ಲಿಯೂ ಇಂಥವೇ ಚುಕ್ಕೆಗಳು ಕಾಣುತ್ತವೆ. ದವಡೆಯ ಕೆಳಗಿನ ಗ್ರಂಥಿಗಳಲ್ಲಿಯೂ ಚುಕ್ಕೆಗಳಿದ್ದರೆ ಶೋಗ್ರೆನನ ರೋಗದ ಸಂಶಯ ಬಲವಾಗುತ್ತದೆಯೇ ಹೊರತು ತೀರ್ಮಾನವಾಗುವುದಿಲ್ಲ.

ಇನ್ನೊಂದು ಪರೀಕ್ಷೆಯಂತೂ ನಮ್ಮ ಪ್ರಯೋಗಶಾಲೆಯಿಂದಲೇ ಎದ್ದುಹೋದಂತಿದೆ. 1903ರಲ್ಲಿ ಓಟೊ ಶಿರ್ಮರ್ ಎಂಬ ಜರ್ಮನ್ ವೈದ್ಯನು ಸೂಚಿಸಿದ್ದು ಇದು. 5 ಮಿಲಿಮೀಟರ್ ಅಗಲ, 35 ಮಿಲಿಮೀಟರ್ ಉದ್ದದ ಸೋಸುಕಾಗದದ ಪಟ್ಟಿಯ ತುದಿಯನ್ನು ಕೆಳರೆಪ್ಪೆಯೊಳಗೆ ಸಿಕ್ಕಿಸಿ, 5 ನಿಮಿಷಗಳಲ್ಲಿ ಕಣ್ಣೀರು ಕಾಗದದ ಮೇಲೆ ಎಷ್ಟು ದೂರ ಏರಿತೆಂದು ಅಳೆಯುವುದು. ಸೀಮೆಸುಣ್ಣ ಶಾಯಿಯನ್ನು ಹೀರುವ ಕೇಶಾಕರ್ಷಣವೇ ಇಲ್ಲಿಯೂ ಕೆಲಸಮಾಡುವುದು. 5 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಮೆಯಾದರೆ ಕಣ್ಣು ಒಣಗಿದೆಯೆಂದು ಲೆಕ್ಕ. ಎಷ್ಟು ಸುಲಭ, ಎಷ್ಟು ಅಗ್ಗ! ಆದರೆ ಕಣ್ಣಿಗೆ ಕಾಗದ ಸಿಕ್ಕಿಸಿಕೊಂಡ ಮಗು ಅತ್ತುಬಿಟ್ಟರೆ ಅಳತೆ ಏನಾಗುವುದೆಂದು ಯೋಚಿಸಿರಿ.

ಅಳತೆಗೋಲಿನ ಈ ಪ್ರಶ್ನೆಯೇ ನಮ್ಮ ವಾದದ ತಿರುಳು. ಈ ರೋಗವನ್ನು ಅಧ್ಯಯನಕ್ಕಾಗಿ ವರ್ಗೀಕರಿಸಲು ಅಮೆರಿಕ ಮತ್ತು ಯೂರೋಪಿನ ಸಂಧಿರೋಗ ತಜ್ಞರ ಸಂಘಗಳು 2016ರಲ್ಲಿ ಒಂದು ಅಂಕಪಟ್ಟಿಯನ್ನು ಮಾಡಿದುವು. ಆಂಟಿ-ರೋ ಎಂಬ ಪ್ರತಿಕಾಯ ರಕ್ತದಲ್ಲಿದ್ದರೆ 3 ಅಂಕ. ಕೆಳತುಟಿಯ ಒಳಗಿನ ಕಿರುಗ್ರಂಥಿಗಳ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಲಿಂಫ್ ಕಣಗಳ ಗುಂಪುಗಳು ನಿಗದಿಯಾದಷ್ಟು ಕಂಡರೆ 3. ಕಣ್ಣಿನ ಮೇಲ್ಪದರದ ಬಣ್ಣದ ಪರೀಕ್ಷೆಗೆ 1, ಕಾಗದದ ಪಟ್ಟಿಗೆ 1, ಜೊಲ್ಲಿನ ಹರಿವು ನಿಮಿಷಕ್ಕೆ 0.1 ಮಿಲಿಲೀಟರನ್ನು ಮೀರದಿದ್ದರೆ 1. ಒಟ್ಟು 4 ಅಂಕ ಬಂದರೆ ಉತ್ತೀರ್ಣ—ರೋಗಕ್ಕೆ ಉತ್ತೀರ್ಣರಾಗುವುದೆಂಥ ದುರ್ದೈವ! ಈ ಪಟ್ಟಿಯಲ್ಲಿ ಕೆನ್ನೆಯ ಬಾವಿಗೆ ಒಂದು ಅಂಕವೂ ಇಲ್ಲ. ಮಕ್ಕಳಲ್ಲಿ ಯಾವುದು ಮೊದಲ ಗುರುತೋ ಅದಕ್ಕೆ ಸೊನ್ನೆ. ಯಾವುದು ಕೊನೆಗೆ ಬರುವುದೋ ಅದಕ್ಕೆ ಅಂಕ. ಹಲವು ದೇಶಗಳ ವೈದ್ಯರು ಸೇರಿ, ಈ ರೋಗವೆಂದು ತಜ್ಞರು ನಿರ್ಣಯಿಸಿದ್ದ 300 ಮಕ್ಕಳ ದಾಖಲೆಗಳನ್ನು ನೋಡಿದಾಗ, ಬಹುಪಾಲು ಮಕ್ಕಳು ಈ ಅಂಕಪಟ್ಟಿಯಲ್ಲಿ ತೇರ್ಗಡೆಯಾಗಲಿಲ್ಲ. ಎಷ್ಟೋ ಮಕ್ಕಳಿಗೆ ಮುಖ್ಯವಾದ ಪರೀಕ್ಷೆಗಳನ್ನೇ ಮಾಡಿರಲಿಲ್ಲವೆಂಬುದೂ ಅದರಲ್ಲಿ ಸೇರಿತ್ತು.

ದೊಡ್ಡವರಿಗಾಗಿ ಗುರುತುಹಾಕಿದ ಗೋಲಿನಿಂದ ಮಗುವನ್ನು ಅಳೆದು, ಇಲ್ಲವೆಂದು ಹೇಳಿ ಕಳುಹಿಸುವುದು ಅಳತೆಯ ತಪ್ಪೇ ಹೊರತು ಮಗುವಿನ ತಪ್ಪಲ್ಲ. ತುಟಿಯ ತುಣುಕನ್ನೇ ತೆಗೆದುಕೊಳ್ಳಿ. ವಯಸ್ಸಾದವರ ಕಿರುಗ್ರಂಥಿಗಳಲ್ಲಿ ರೋಗವಿಲ್ಲದೆಯೂ ಅಲ್ಲಲ್ಲಿ ಲಿಂಫ್ ಕಣಗಳು ಸೇರಿರುವುದುಂಟು. ಆದ್ದರಿಂದ ಅವರಿಗೆ ಮಿತಿಯನ್ನು ಮೇಲೆ ಇಡಬೇಕಾಯಿತು. ಮಗುವಿನಲ್ಲಿ ಅಂಥ ಹಿನ್ನೆಲೆ ಇಲ್ಲದಿರುವುದರಿಂದ ಚಿಕ್ಕದೊಂದು ಗುಂಪಿಗೂ ಅರ್ಥವಿರಬಹುದು. ಹಿನ್ನೆಲೆಯ ಸದ್ದು ಕಡಮೆಯಿದ್ದಾಗ ಸಣ್ಣ ದನಿಯನ್ನೂ ನಂಬಬಹುದೆಂಬುದು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಹೊಸದಲ್ಲ.

ಇದಕ್ಕೆ ಎದುರಾದ ಅಪಾಯವನ್ನೂ ಮರೆಯಕೂಡದು. ಬಾವು ಮರಳಿದ ಮಕ್ಕಳೆಲ್ಲರಿಗೂ ಈ ರೋಗವನ್ನು ಅಂಟಿಸಿ ತಾಯಿತಂದೆಯರನ್ನು ಬೆದರಿಸುವುದು ನಮ್ಮ ಉದ್ದೇಶವಲ್ಲ. ಲೆಕ್ಕಕ್ಕೆಂದು ಒಂದಿಷ್ಟು ಸಂಖ್ಯೆಗಳನ್ನು ಊಹಿಸಿಕೊಳ್ಳೋಣ. ಇವು ಯಾವ ಆಸ್ಪತ್ರೆಯವೂ ಅಲ್ಲ, ನಮ್ಮ ಊಹೆಯವು. ಬಾವು ಮರಳಿದ 1000 ಮಕ್ಕಳಲ್ಲಿ 30 ಮಂದಿಗೆ ನಿಜವಾಗಿ ಈ ರೋಗವಿರಲಿ. ಎ.ಎನ್.ಎ. ಎಂಬ ರಕ್ತಪರೀಕ್ಷೆ ಅವರಲ್ಲಿ 27 ಮಂದಿಯನ್ನು ಹಿಡಿಯಲಿ. ಆದರೆ ಈ ಪ್ರತಿಕಾಯ ಆರೋಗ್ಯವಂತ ಮಕ್ಕಳಲ್ಲಿಯೂ ಕೆಲವರಲ್ಲಿ ಅಲ್ಪಪ್ರಮಾಣದಲ್ಲಿ ಇರುವುದು. ನೂರಕ್ಕೆ ಹತ್ತರಂತೆ ಹಿಡಿದರೆ ಉಳಿದ 970 ಮಕ್ಕಳಲ್ಲಿ 97 ಮಂದಿಗೂ ಪರೀಕ್ಷೆ ಹೌದೆನ್ನುವುದು. ಒಟ್ಟು 124 ಹೌದುಗಳಲ್ಲಿ ನಿಜವಾದವು 27 ಮಾತ್ರ. ಒಂದೇ ಒಂದು ರಕ್ತಪರೀಕ್ಷೆಯ ಕಾಗದವನ್ನು ಹಿಡಿದು ಅಳುವುದೂ ತಪ್ಪು, ಅದನ್ನು ಹಿಡಿದು ಔಷಧ ಕೊಡುವುದೂ ತಪ್ಪು. ಆ 124 ಮಂದಿಗೆ ಆಂಟಿ-ರೋ ಪರೀಕ್ಷೆ, ಇಮ್ಯುನೋಗ್ಲಾಬ್ಯುಲಿನ್ ಪ್ರಮಾಣ, ಗ್ರಂಥಿಗಳ ಚಿತ್ರ, ಕಣ್ಣಿನ ಪರೀಕ್ಷೆ ಇವನ್ನು ಕೂಡಿಸಿದರೆ ಸುಳ್ಳುಗಳು ಬೇಗ ಉದುರಿಹೋಗುತ್ತವೆ. ಹಾಗೆಯೇ ಒಂದು ಇಲ್ಲವೆಂಬ ಉತ್ತರದಿಂದ ಬಾಗಿಲು ಮುಚ್ಚಬಾರದು. ಬಾವು ಬರುತ್ತಲೇ ಇದ್ದರೆ, ವಯಸ್ಸು ಹತ್ತು ದಾಟಿದ ಮೇಲೂ ನಿಲ್ಲದಿದ್ದರೆ, ಮಗು ಹೆಣ್ಣಾಗಿದ್ದರೆ, ಪರೀಕ್ಷೆಯನ್ನು ಕೆಲಕಾಲದ ಮೇಲೆ ಮತ್ತೆ ಮಾಡಬೇಕು.

ಇಷ್ಟು ಅಪೂರ್ವವಾದ ರೋಗಕ್ಕೆ ಇಷ್ಟೊಂದು ಖರ್ಚೇಕೆ ಎಂದು ನಮ್ಮ ಸಹೋದ್ಯೋಗಿಯೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ರೋಗಕ್ಕೆ ಪೂರ್ಣವಾದ ಗುಣವಿಲ್ಲವೆಂಬುದೂ ನಿಜ. ಆದರೆ ತಿಳಿಯದೆ ಇರುವುದಕ್ಕೂ ಖರ್ಚುಂಟು. ನಾಲ್ಕು ಸಲದ ಗುಳಿಗೆ, ನಾಲ್ಕು ಸಲದ ಬಸ್ಸಿನ ದುಡ್ಡು, ತಾಯಿ ಕಳೆದುಕೊಂಡ ಕೂಲಿ, ಮಗು ಕಳೆದುಕೊಂಡ ಶಾಲೆ—ಇವನ್ನು ಯಾರೂ ಕೂಡಿಸಿ ನೋಡುವುದಿಲ್ಲ. ಅದಕ್ಕಿಂತ ಹೆಚ್ಚಿನದೂ ಇದೆ. ಈ ರೋಗ ಕೆಲವರಲ್ಲಿ ಮೂತ್ರಪಿಂಡದ ನಾಳಗಳನ್ನು ಕೆಡಿಸಿ, ದೇಹದ ಪೊಟಾಸಿಯಂ ಸೋರಿಹೋಗುವಂತೆ ಮಾಡುತ್ತದೆ. ರಾತ್ರಿ ಚೆನ್ನಾಗಿ ಮಲಗಿದವರು ಬೆಳಿಗ್ಗೆ ಕೈಕಾಲು ಎತ್ತಲಾರದೆ ಹೋಗುವುದುಂಟು. ಇಂಥ ಪ್ರಸಂಗಗಳು ಭಾರತದ ಆಸ್ಪತ್ರೆಗಳಿಂದಲೇ ವರದಿಯಾಗಿವೆ. ದೀರ್ಘಕಾಲದಲ್ಲಿ ಕೆಲವರಿಗೆ ಲಿಂಫ್ ಗ್ರಂಥಿಯ ಕ್ಯಾನ್ಸರಿನ ಸಂಭವ ಹೆಚ್ಚುವುದರಿಂದ ಕಣ್ಣಿಟ್ಟಿರಬೇಕಾಗುತ್ತದೆ. ಹೆಣ್ಣುಮಗಳು ಮುಂದೆ ತಾಯಿಯಾಗುವಾಗ ಆಂಟಿ-ರೋ ಪ್ರತಿಕಾಯವು ಗರ್ಭದ ಶಿಶುವಿಗೆ ದಾಟಿ, ನೂರರಲ್ಲಿ ಒಂದೆರಡು ಶಿಶುಗಳಲ್ಲಿ ಹೃದಯದ ಬಡಿತವನ್ನು ನಿಧಾನಗೊಳಿಸುವುದು. ಮೊದಲೇ ತಿಳಿದಿದ್ದರೆ ವೈದ್ಯರು ಗರ್ಭದ ಕಾಲದಲ್ಲಿ ಶಿಶುವಿನ ಹೃದಯವನ್ನು ಮೇಲಿಂದ ಮೇಲೆ ನೋಡುತ್ತಾರೆ. ತಿಳಿಯದಿದ್ದರೆ ಆ ಮನೆಯವರು ಏನೆಂದುಕೊಳ್ಳುವರೆಂಬುದನ್ನು ನಮ್ಮ ಊರುಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ, ಸೊಸೆಯ ಕಾಲ್ಗುಣವೆನ್ನುವರು.

ಮಾಡಬೇಕಾದುದೇನು? ಮೊದಲನೆಯ ಉಪಕರಣ ಒಂದು ನೋಟುಪುಸ್ತಕ. ಬಾವು ಬಂದ ತಾರೀಖು, ಯಾವ ಕಡೆ, ಎಷ್ಟು ದಿನ, ಜ್ವರವಿತ್ತೆ, ನಾಳದ ಬಾಯಿಯಿಂದ ಕೀವು ಬಂತೆ, ಕೊಟ್ಟ ಔಷಧ—ಇಷ್ಟನ್ನು ಬರೆದಿಟ್ಟರೆ ಐದನೆಯ ವೈದ್ಯರು ಮೊದಲನೆಯವರಾಗಿ ಆರಂಭಿಸಬೇಕಾಗುವುದಿಲ್ಲ. ಬಾತಾಗ ಒಂದು ಛಾಯಾಚಿತ್ರ ತೆಗೆದಿಡಬೇಕು. ಊರಿನಿಂದ ಜಿಲ್ಲಾ ಆಸ್ಪತ್ರೆಗೆ ತಲಪುವಷ್ಟರಲ್ಲಿ ಬಾವು ಇಳಿದಿರುವುದೇ ಹೆಚ್ಚು. ಗುಳೆ ಹೋಗುವ ಕುಟುಂಬಗಳಿಗೆ ಇದು ಇನ್ನೂ ಅವಶ್ಯ. ಇಂದು ಹತ್ತಿಕುಣಿಯಲ್ಲಿ, ಆರು ತಿಂಗಳ ಮೇಲೆ ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ಇರುವ ಮಗುವಿನ ಚರಿತ್ರೆ ಯಾವ ಆಸ್ಪತ್ರೆಯ ಕಪಾಟಿನಲ್ಲಿಯೂ ಇರದು. ಅದು ಚೀಲದಲ್ಲಿಯೇ ಇರಬೇಕು.

ಎರಡನೆಯದು, ಸರ್ಕಾರ ಮಾಡಬಹುದಾದ ಒಂದು ಕೆಲಸ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡಗಳು ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುವ ಏರ್ಪಾಡಿದೆ. ಅವರ ಪಟ್ಟಿಗೆ ಎರಡು ಪ್ರಶ್ನೆಗಳನ್ನು ಸೇರಿಸಬೇಕೆಂದು ನಾವು ಹೇಳುತ್ತೇವೆ. ನಿನ್ನ ಗದ್ದ ಒಂದಕ್ಕಿಂತ ಹೆಚ್ಚು ಸಲ ಬಾತಿತ್ತೆ? ನೀರಿಲ್ಲದೆ ರೊಟ್ಟಿ ನುಂಗಬಲ್ಲೆಯಾ? ಈ ಎರಡು ಪ್ರಶ್ನೆಗಳಿಗೆ ಖರ್ಚಿಲ್ಲ. ಎರಡಕ್ಕೂ ತಪ್ಪು ಉತ್ತರ ಬಂದ ಮಕ್ಕಳು ಒಂದು ತಾಲ್ಲೂಕಿನಲ್ಲಿ ಎಷ್ಟು ಮಂದಿ ಸಿಕ್ಕಾರು? ಅವರನ್ನು ಮುಂದಕ್ಕೆ ಕಳುಹಿಸಿದರೆ ಯಾವ ಆಸ್ಪತ್ರೆಯೂ ತುಂಬಿಹೋಗದು. ಯಾದಗಿರಿಯಲ್ಲಿಯೇ ಈಗ ವೈದ್ಯಕೀಯ ಕಾಲೇಜು ಇದೆ. ಕಲಬುರಗಿಯಲ್ಲಿ ಒಂದಕ್ಕಿಂತ ಹೆಚ್ಚಿವೆ. ಮಕ್ಕಳ ಸಂಧಿರೋಗ ತಜ್ಞರಿಗಾಗಿ ಬೆಂಗಳೂರಿನ ಕಡೆಗೇ ನೋಡಬೇಕಾಗಿ ಬಂದರೂ, 2019ರಿಂದ ನಡೆಯುತ್ತಿರುವ ಇ-ಸಂಜೀವಿನಿಯಂಥ ದೂರವೈದ್ಯ ಸೇವೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮೊದಲು ಸಲಹೆ ಪಡೆಯಬಹುದು. ಮಗುವನ್ನು ಐನೂರು ಕಿಲೋಮೀಟರ್ ಒಯ್ಯುವ ಮೊದಲು ಅದರ ಕಾಗದಗಳು ಹೋಗಲಿ.

ಒಂದು ಅಡ್ಡಮಾತು. ಶಬ್ದಚಿತ್ರದ ಯಂತ್ರವನ್ನು ಊರೂರಿಗೆ ಒಯ್ಯಬಹುದಲ್ಲಾ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಗರ್ಭದ ಶಿಶುವಿನ ಲಿಂಗವನ್ನು ಪತ್ತೆಮಾಡಿ ಹೆಣ್ಣನ್ನು ಅಳಿಸುವ ಪಾತಕವನ್ನು ತಡೆಯಲು 1994ರಲ್ಲಿ ಆದ ಕಾನೂನಿನಂತೆ ಪ್ರತಿಯೊಂದು ಯಂತ್ರವೂ ನೋಂದಣಿಯಾಗಿರಬೇಕು. ಅದನ್ನು ಹೊತ್ತು ತಿರುಗುವುದಕ್ಕೆ ಬಿಗಿಯಾದ ಕಟ್ಟುಗಳಿವೆ. ಹುಟ್ಟುವ ಹೆಣ್ಣನ್ನು ಉಳಿಸಲು ಬಂದ ಕಟ್ಟು ಹುಟ್ಟಿದ ಹೆಣ್ಣುಮಗಳ ಕೆನ್ನೆಯ ಚಿತ್ರವನ್ನು ದೂರಮಾಡಿದೆ. ಕಾನೂನು ಸಡಿಲವಾಗಲಿ ಎಂದು ನಾವು ಹೇಳೆವು. ಅದನ್ನು ಅಗತ್ಯಗೊಳಿಸಿದವರು ನಾವೇ ತಾನೆ.

ಹತ್ತಿಕುಣಿಯ ಹುಡುಗಿಯ ವಿಷಯ ಹೇಳುವುದುಳಿದಿದೆ. ಅಣ್ಣನು ತಾಯಿಯ ಹಬ್ಬಗಳ ಲೆಕ್ಕವನ್ನು ಪಂಚಾಂಗ ನೋಡಿ ತಾರೀಖುಗಳಾಗಿ ಬರೆದನು. ಅದೇ ಕಾಗದವನ್ನು ಹಿಡಿದು ಕಲಬುರಗಿಗೆ ಹೋದರು. ಅಲ್ಲಿಯ ವೈದ್ಯರೊಬ್ಬರು ಅದನ್ನು ಎರಡು ಸಲ ಓದಿ, ಗದ್ದದ ಶಬ್ದಚಿತ್ರಕ್ಕೆ ಬರೆದುಕೊಟ್ಟರು. ನಾಲ್ಕು ಗ್ರಂಥಿಗಳಲ್ಲಿಯೂ ಕರಿಯ ಚುಕ್ಕೆಗಳಿದ್ದುವು. ಆಂಟಿ-ರೋ ಇತ್ತು, ಇಮ್ಯುನೋಗ್ಲಾಬ್ಯುಲಿನ್ ಹೆಚ್ಚಾಗಿತ್ತು. ಕಾಗದದ ಪಟ್ಟಿಯ ಮೇಲೆ ಕಣ್ಣೀರು ಎರಡೂ ಕಣ್ಣಿನಲ್ಲಿ ಸಾಕಷ್ಟು ಏರಿತು, ಎಂದರೆ ಕಣ್ಣು ಇನ್ನೂ ಒಣಗಿಲ್ಲ. ಬೆಂಗಳೂರಿನ ತಜ್ಞರು ಶೋಗ್ರೆನನ ರೋಗವೆಂದು ನಿರ್ಣಯಿಸಿ, ಹಿಂದೆ ಮಲೇರಿಯಕ್ಕೆ ಕೊಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆಯನ್ನು ಆರಂಭಿಸಿದ್ದಾರೆ; ಆ ಗುಳಿಗೆ ಕಣ್ಣಿನ ಹಿಂಪೊರೆಗೆ ತೊಂದರೆ ಕೊಡದಂತೆ ಕಾಲಕಾಲಕ್ಕೆ ಕಣ್ಣನ್ನು ತೋರಿಸಬೇಕು. ಹಲ್ಲಿನ ವೈದ್ಯರು ಎರಡು ಹುಳುಕುಗಳನ್ನು ತುಂಬಿದರು.

ತಾಯಿ ನಮ್ಮನ್ನು ಕೇಳಿದ್ದು ಒಂದೇ: "ಮುಂದ ಅದರ ಲಗ್ನ ಆಗ್ತದಿಲ್ರಿ, ಮಾಸ್ತರ್ರೇ?" ಆಗುತ್ತದೆ, ಮಕ್ಕಳೂ ಆಗುತ್ತವೆ, ಆಗ ಈ ಕಾಗದಗಳನ್ನು ಹೆರಿಗೆಯ ವೈದ್ಯರಿಗೆ ತೋರಿಸಬೇಕೆಂದು ತಜ್ಞರು ಹೇಳಿದ್ದನ್ನೇ ನಾವೂ ಹೇಳಿದೆವು. ಗಂಡಿನ ಕಡೆಯವರಿಗೆ ತೋರಿಸಬೇಕೆ ಎಂದು ಆಕೆ ಮತ್ತೆ ಕೇಳಿದಳು. ಅದಕ್ಕೆ ನಮ್ಮ ಬಳಿ ಉತ್ತರವಿರಲಿಲ್ಲ.

ಈ ಸಲ ತಂದೆ ಗುಳೆ ಹೊರಟಾಗ ಹೆಂಡತಿ ಮಗಳನ್ನೂ ಕರೆದುಕೊಂಡು ಹೋದನು. ಗುಳಿಗೆಗೂ ತಪಾಸಣೆಗೂ ಬೆಂಗಳೂರೇ ಅನುಕೂಲವೆಂದು. ನೋಟುಪುಸ್ತಕಕ್ಕೆ ಹುಡುಗಿ ತಾನೇ ಹಾಳೆಯ ಹೊದಿಕೆ ಹಾಕಿ ಶಾಲೆಯ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ. ಅದರಲ್ಲಿ ಕೊನೆಯ ತಾರೀಖು ಬರೆದು ಏಳು ತಿಂಗಳಾಗಿದೆ.